ಕೊಡಗೆಚ್ಚಲು

ಪಾಣಿನಿ ಹಸುವಿನ ಕೆಚ್ಚಲಿಗೆಂದೇ ಮೂರು ಸೂತ್ರಗಳನ್ನು ಬರೆದಿದ್ದಾನೆ. ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಎರಡು (4.1.25 ಮತ್ತು 4.1.26), ಐದನೆಯ ಅಧ್ಯಾಯದ ಕೊನೆಯ ಪಾದದಲ್ಲಿ ಒಂದು (5.4.131). ಕೆಚ್ಚಲಿಗೆ ಸಂಸ್ಕೃತದಲ್ಲಿ ಊಧಸ್ ಎಂದು ಹೆಸರು. ಈ ಪದ ಬಹುವ್ರೀಹಿ ಸಮಾಸದ ಕೊನೆಗೆ ಬಂದು ಹೆಣ್ಣನ್ನು ಹೇಳುವಾಗ ಊಧಸ್ ಹೋಗಿ ಊಧನ್ ಆಗುತ್ತದೆ, ಅದರ ಮುಂದೆ ಈಕಾರ ಸೇರುತ್ತದೆ. ಕುಂಡದಂಥ ಕೆಚ್ಚಲುಳ್ಳವಳು ಕುಂಡೋಧ್ನೀ, ಗಡಿಗೆಯಂಥ ಕೆಚ್ಚಲುಳ್ಳವಳು ಘಟೋಧ್ನೀ. ಸಮಾಸ ಸಂಖ್ಯೆಯಿಂದಲೋ ಅವ್ಯಯದಿಂದಲೋ ಶುರುವಾದರೆ ಪ್ರತ್ಯಯವೇ ಬೇರೆ. ಆಗ ಕಣ್ಣಿಗೆ ಕಾಣುವ ರೂಪ ಬದಲಾಗುವುದಿಲ್ಲ, ಉಚ್ಚರಿಸುವಾಗಿನ ಸ್ವರ ಬದಲಾಗುತ್ತದೆ. ಒಂದು ಅಕ್ಷರವನ್ನೂ ದುಂದು ಮಾಡದ ವೈಯಾಕರಣ ಇಷ್ಟು ಸೂಕ್ಷ್ಮಕ್ಕೆ ಇಳಿದಿದ್ದಾನೆಂದರೆ ಅವನ ಸುತ್ತಲಿನ ಜನ ದಿನನಿತ್ಯ ಹಸುಗಳನ್ನು ಕೆಚ್ಚಲಿನಿಂದಲೇ ಗುರುತಿಸಿ ಕರೆಯುತ್ತಿದ್ದಿರಬೇಕು.

ಅಮರಕೋಶದ ವೈಶ್ಯವರ್ಗದಲ್ಲಿ ಊಧಸ್ಸಿನ ಪಕ್ಕದಲ್ಲಿ ಆಪೀನ ಎಂಬ ಇನ್ನೊಂದು ಹೆಸರಿದೆ. ತುಂಬಿ ಉಬ್ಬಿದ್ದು ಎಂಬ ಭಾವ ಅದರೊಳಗೇ ಇದೆ. ದಪ್ಪ ಕೆಚ್ಚಲಿನ ಹಸುವಿಗೆ ಪೀನೋಧ್ನೀ ಎಂಬ ಪದವನ್ನೂ ಅಮರಸಿಂಹ ಕೊಡುತ್ತಾನೆ. ಕಾಳಿದಾಸನ ರಘುವಂಶದ ಮೊದಲ ಸರ್ಗದಲ್ಲಿ ವಸಿಷ್ಠರ ಆಶ್ರಮಕ್ಕೆ ಮರಳಿ ಬರುವ ಹಸು ನಂದಿನಿ ಕುಂಡೋಧ್ನೀ. ಕರುವನ್ನು ಕಂಡದ್ದೇ ತಡ, ಅವಳ ಉಗುರುಬೆಚ್ಚಗಿನ ಹಾಲು ತಾನಾಗಿ ನೆಲಕ್ಕೆ ಸುರಿಯುತ್ತದೆ. ಎರಡನೆಯ ಸರ್ಗದಲ್ಲಿ ದಿಲೀಪ ಅವಳಿಂದ ಬೇಡುವುದು ಔಧಸ್ಯವನ್ನು, ಊಧಸ್ಸಿನಲ್ಲಿ ಹುಟ್ಟಿದ್ದನ್ನು. ಅದೂ ಕರು ಕುಡಿದು, ಹೋಮಕ್ಕೆ ಬಳಸಿ ಮಿಕ್ಕಿದ್ದು ಮಾತ್ರ ತನಗೆ ಸಾಕೆನ್ನುತ್ತಾನೆ ರಾಜ. ಕರ್ನಾಟಕದಲ್ಲಿ ಬೆಳಗಿನ ಹಾಲಿನ ಪೊಟ್ಟಣದ ಮೇಲೆ ಇರುವ ಹೆಸರೂ ನಂದಿನಿಯದೇ.

ಊಧಸ್ಸಿನ ಬಳಗ ದೊಡ್ಡದು. ಋಗ್ವೇದದಲ್ಲಿ ಅದರ ರೂಪ ಊಧರ್. ಅಲ್ಲಿ ಮರುತ್ತುಗಳು ಆಕಾಶದ ಕೆಚ್ಚಲನ್ನು ಕರೆದು ಮಳೆ ಸುರಿಸುತ್ತಾರೆ. ಗ್ರೀಕಿನ ಊಥರ್, ಲ್ಯಾಟಿನ್ನಿನ ಊಬೆರ್, ಜರ್ಮನ್ನಿನ ಓಯ್ಟರ್, ಇಂಗ್ಲಿಷಿನ ಅಡರ್ ಎಲ್ಲವೂ ಇದರ ಒಡಹುಟ್ಟುಗಳು. ಫಿನ್ನಿಷ್ ಭಾಷೆ ಆ ಕುಟುಂಬಕ್ಕೆ ಸೇರಿದ್ದಲ್ಲ, ಆದರೂ ಅಲ್ಲಿ ಕೆಚ್ಚಲಿಗೆ ಉತರೆ ಎನ್ನುತ್ತಾರೆ. ಯಾವುದೋ ಪುರಾತನ ಕಾಲದಲ್ಲಿ ಇಂಡೋ-ಇರಾನಿಯನ್ ಮಾತಾಡುವ ಪಶುಪಾಲಕರಿಂದ ಅದನ್ನು ಎರವಲು ಪಡೆದರೆಂದು ಭಾಷಾವಿದರು ಹೇಳುತ್ತಾರೆ. ದನ ಸಾಕುವವರ ಜೊತೆ ಪದಗಳೂ ಹೊಳೆ ಹುಲ್ಲುಗಾವಲು ದಾಟಿವೆ. ಲ್ಯಾಟಿನ್ನಿನಲ್ಲಿ ಊಬೆರ್ ಎಂಬ ಅದೇ ಉಲಿಕೆಯ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಸಮೃದ್ಧ, ಫಲವತ್ತಾದ, ಧಾರಾಳವಾದ. ತುಂಬಿ ಹೊರಚೆಲ್ಲುವ ಉತ್ಸಾಹಕ್ಕೆ ಇಂಗ್ಲಿಷರು ಹೇಳುವ ಎಕ್ಸ್ಯೂಬರನ್ಸ್ ಅಲ್ಲಿಂದ ಬಂದದ್ದು.

ಗಮನಿಸಬೇಕಾದದ್ದು ಇದು. ಗಂಗೆಯ ಬಯಲಿನಲ್ಲಿ, ಗ್ರೀಸಿನಲ್ಲಿ, ರೋಮಿನಲ್ಲಿ, ಎಲ್ಲಿ ಹುಡುಕಿದರೂ ಈ ಪದದ ಸುತ್ತ ನೆರೆದ ಮಾತುಗಳು ಒಂದನ್ನೇ ಹೊಗಳುತ್ತವೆ: ಗಾತ್ರವನ್ನು, ತುಂಬಿರುವುದನ್ನು. ಆರೋಗ್ಯ ಎಂಬ ಮಾತು ಕೆಚ್ಚಲಿನ ಪಕ್ಕದಲ್ಲಿ ಬಂದು ನಿಲ್ಲಲು ಸುಮಾರು ಮೂರು ಸಾವಿರ ವರ್ಷ ಬೇಕಾಯಿತು.

ಕನ್ನಡದ ಕೆಚ್ಚಲು ಈ ಬಳಗದ್ದಲ್ಲ. ನೆರೆಹೊರೆಯ ದ್ರಾವಿಡ ಭಾಷೆಗಳಲ್ಲೂ ಒಂದೊಂದು ಮನೆಗೆ ಒಂದೊಂದು ಹೆಸರು. ತಮಿಳಿನಲ್ಲಿ ಮಡಿ, ಆ ಪದವೇ ತಾಯ ಮಡಿಲಿಗೂ ಸಲ್ಲುತ್ತದೆ. ತೆಲುಗಿನಲ್ಲಿ ಪೊದುಗು, ಮಲಯಾಳದಲ್ಲಿ ಅಕಿಡು. ಹಾಲು, ಹಸು, ಕರು ಮುಂತಾದ ಪದಗಳು ಈ ಭಾಷೆಗಳಲ್ಲಿ ಅಷ್ಟಿಷ್ಟು ಮುಖಹೋಲಿಕೆ ಉಳಿಸಿಕೊಂಡಿರುವಾಗ ಕೆಚ್ಚಲಿನ ಹೆಸರು ಮಾತ್ರ ನಾಲ್ಕು ದಿಕ್ಕಿಗೆ ಹೋಗಿದೆ. ಕೆಚ್ಚೆದೆಯ ಕೆಚ್ಚು, ಮರದ ತಿರುಳಿನ ಕೆಚ್ಚು ಇದರ ನೆಂಟನಂತೆ ಕಿವಿಗೆ ಕೇಳಿಸುತ್ತದೆ. ಆದರೆ ಕಿವಿಯ ಸಾಕ್ಷಿಯೊಂದನ್ನೇ ನೆಚ್ಚಿ ಪದಗಳಿಗೆ ನೆಂಟಸ್ತನ ಕಟ್ಟಬಾರದು. ಸರ್ವಜ್ಞನ ಹೊತ್ತಿಗೆ ಕೆಚ್ಚಲು ನಾಲಗೆಯ ಮೇಲೆ ಚೆನ್ನಾಗಿ ಪಳಗಿದ ಮಾತು. ಕೆಚ್ಚಲಿನಲ್ಲೇ ಬೀಡುಬಿಟ್ಟ ಉಣ್ಣೆಗೆ ನೊರೆಹಾಲಿನ ಭಾಗ್ಯವಿಲ್ಲ ಎಂಬ ಅವನ ತ್ರಿಪದಿಯ ಆಶಯ ಓದು ಬಾರದ ರೈತನಿಗೂ ಗೊತ್ತು.

ಸಂಸ್ಕೃತ ಕುಂಡೋಧ್ನೀ ಎಂದು ಕಟ್ಟಿದ್ದನ್ನು ಕನ್ನಡ ತನ್ನ ರೀತಿಯಲ್ಲಿ ಕೊಡಗೆಚ್ಚಲು ಎಂದು ಕಟ್ಟಿಕೊಂಡಿತು. ಕೊಡದಂಥ ಕೆಚ್ಚಲು, ಸಮಾಸದಲ್ಲಿ ಉತ್ತರಪದದ ಕಕಾರಕ್ಕೆ ಗಕಾರ ಬಂತು, ಆದೇಶಸಂಧಿ. ಹಳ್ಳಿಯ ಮಾತಿಗೆ ಬಂದರೆ ಈ ಅಂಗದ ಸುತ್ತ ಒಂದು ಸಣ್ಣ ನಿಘಂಟೇ ಇದೆ. ಗಬ್ಬದ ಹಸು ಕರು ಹಾಕುವ ದಿನ ಹತ್ತಿರವಾದಾಗ ಕೆಚ್ಚಲು ಬಿಡುತ್ತದೆ. ಕರು ಗುದ್ದಿದಾಗ ಹಾಲು ತೊರೆಯುತ್ತದೆ. ಕರೆದ ಮೇಲೆ ಕೆಚ್ಚಲು ಬತ್ತಿ ಜೋಲುಬಟ್ಟೆಯಂತಾದರೆ ಅದು ಹಾಲಿನ ಕೆಚ್ಚಲು, ಕರೆದರೂ ಹಾಗೆಯೇ ನಿಂತರೆ ಮಾಂಸದ ಕೆಚ್ಚಲು. ಸಂತೆಯಲ್ಲಿ ಹಸು ಕೊಳ್ಳುವವನು ಬೆನ್ನು ಸವರುವ ಮುನ್ನ ಬಗ್ಗಿ ಹೊಟ್ಟೆಯಡಿಯ ಹಾಲುನರವನ್ನು ನೋಡುತ್ತಾನೆ, ನಾಲ್ಕು ಮೊಲೆಗಳನ್ನೂ ಒಂದೊಂದಾಗಿ ಹಿಂಡಿ ನೋಡುತ್ತಾನೆ. ಒಂದು ಮೊಲೆಯಲ್ಲಿ ಹಾಲು ಬಾರದಿದ್ದರೆ ಅದು ಮೂರು ಮೊಲೆ ಹಸು. ಆ ಮೂರು ಪದ ಬಾಯಿಂದ ಬಿದ್ದ ಕ್ಷಣ ಬೆಲೆಯೂ ಬೀಳುತ್ತದೆ. ನನ್ನ ಮಟ್ಟಿಗೆ, ಕೆಚ್ಚಲಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿರುವ ಅತ್ಯಂತ ಹಳೆಯ, ಅತ್ಯಂತ ನಿಷ್ಠುರವಾದ ತೀರ್ಪು ಈ ‘ಮೂರು ಮೊಲೆ’.

ಮೊಲೆ ಹೋಗುವುದು ಬಹುಮಟ್ಟಿಗೆ ಕೆಚ್ಚಲು ಬಾವಿನಿಂದ. ಬಾವು ಎಂಬುದು ಬಾ ಎಂಬ ಹಳೆಯ ಧಾತುವಿನಿಂದ ಬಂದದ್ದು: ಬಾ ಎಂದರೆ ಊದು, ಉಬ್ಬು. ‘ಕಾಲು ಬಾತಿದೆ’ ಎನ್ನುವಾಗ ಆ ಧಾತು ಇಂದಿಗೂ ಬದುಕಿದೆ. ಪಶುವೈದ್ಯರು ಬಳಸುವ ಮಾಸ್ಟೈಟಿಸ್ ಪದವೂ ಹೇಳುವುದು ಇಷ್ಟನ್ನೇ; ಗ್ರೀಕಿನಲ್ಲಿ ಮಾಸ್ಟೋಸ್ ಎಂದರೆ ಮೊಲೆ, ಅದಕ್ಕೆ ಉರಿಯೂತವನ್ನು ಸೂಚಿಸುವ ಬಾಲ ಸೇರಿದೆ. ಎರಡೂ ಕಣ್ಣಿಗೆ ಕಂಡದ್ದಕ್ಕೆ, ಕೈಗೆ ಬಿಸಿ ತಾಗಿದ್ದಕ್ಕೆ ಇಟ್ಟ ಹೆಸರು. ತೊಂದರೆಯಿರುವುದು ಇಲ್ಲೇ. ಈ ರೋಗದ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ಕೆಚ್ಚಲು ಬಾತಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಹಸು ಎಂದಿನಂತೆ ಮೇವು ತಿನ್ನುತ್ತಿರುತ್ತದೆ. ಆದರೂ ಒಳಗೆ ಸೋಂಕು ಕೂತಿದೆ, ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಹಾಲು ಸದ್ದಿಲ್ಲದೆ ಇಳಿಯುತ್ತಿದೆ. ಇದನ್ನು ಸುಪ್ತ ಕೆಚ್ಚಲು ಬಾವು ಎನ್ನುತ್ತಾರೆ. ಬಾವೇ ಇಲ್ಲದ ಬಾವು. ಪದ ಹುಟ್ಟಿದಾಗ ಅದಕ್ಕೆ ಕಾಣದಿದ್ದ ಅರ್ಧ ಲೋಕವನ್ನು ಸುಪ್ತ ಎಂಬ ವಿಶೇಷಣ ಈಗ ಹೊರಬೇಕಾಗಿದೆ.

ಅಂಗದ ರಚನೆಯನ್ನು ನೋಡಿದರೆ ಇಷ್ಟು ಸುಲಭವಾಗಿ ಸೋಂಕು ತಗಲುವುದೇಕೆಂದು ತಿಳಿಯುತ್ತದೆ. ಹೊರಗೆ ಒಂದೇ ಕಂಡರೂ ಕೆಚ್ಚಲಿನೊಳಗೆ ನಾಲ್ಕು ಬೇರೆ ಬೇರೆ ಕೋಣೆಗಳು. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಒಂದು ಲೀಟರ್ ಹಾಲು ಕೂಡಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಇಷ್ಟೆಲ್ಲ ನಡೆಯುವ ಅಂಗಕ್ಕೂ ಹೊರಗಿನ ಗಂಜಲ ಸಗಣಿಯ ನೆಲಕ್ಕೂ ನಡುವೆ ಇರುವುದು ಮೊಲೆತೊಟ್ಟಿನ ತುದಿಯ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರುನಾಳ. ಹಾಲು ಕರೆದ ಮೇಲೆ ಅದು ಮುಚ್ಚಿಕೊಳ್ಳಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಕರೆದ ಕೂಡಲೇ ಹಸು ಮಲಗದಿರಲೆಂದು ಮುಂದೆ ಹಸಿಹುಲ್ಲು ಹಾಕುವ ರೂಢಿ ಅದಕ್ಕೇ.

ಯುರೋಪಿನಲ್ಲಿ ಕೆಚ್ಚಲನ್ನು ಅಳೆಯುವ ಹುಚ್ಚು ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿತು. ಫ್ರಾನ್ಸಿನ ಲಿಬೂರ್ನ್ ಊರಿನ ಫ್ರಾಂಸ್ವಾ ಗೆನೋ 1838ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹಸುವಿನ ಹಿಂದೆ, ಕೆಚ್ಚಲಿನಿಂದ ಮೇಲಕ್ಕೆ ಕೂದಲು ಯಾವ ದಿಕ್ಕಿಗೆ ತಿರುಗಿ ಬೆಳೆದಿದೆ, ಅದು ಎಂಥ ಗುರಾಣಿಯ ಆಕಾರ ತಳೆದಿದೆ ಎಂಬುದನ್ನು ನೋಡಿ ಎಷ್ಟು ಹಾಲು ಕೊಡುತ್ತದೆಂದು ಹೇಳಬಹುದು ಎಂಬುದು ಅವನ ವಾದ. ಸುಳಿ ನೋಡಿ ಎತ್ತು ಕೊಳ್ಳುವ ನಮ್ಮವರಿಗೆ ಇದು ತೀರ ಪರಿಚಿತ ದಾರಿ. ಗೆನೋನ ಗುರಾಣಿಗಳನ್ನು ಯುರೋಪು, ಅಮೆರಿಕಗಳ ದನದ ಪ್ರದರ್ಶನಗಳಲ್ಲಿ ಬಹುಕಾಲ ನಂಬಿದರು. ಆಮೇಲೆ 1895ರಲ್ಲಿ ಡೆನ್ಮಾರ್ಕಿನ ವೆಯೆನ್ ಎಂಬಲ್ಲಿ ರೈತರು ಒಟ್ಟುಗೂಡಿ ಹಾಲು ತಪಾಸಣಾ ಸಂಘವೊಂದನ್ನು ಕಟ್ಟಿದರು. ಸಂಘದ ನೌಕರ ಮನೆಯಿಂದ ಮನೆಗೆ ಹೋಗಿ ಪ್ರತಿ ಹಸುವಿನ ಹಾಲನ್ನು ತೂಗಿ, ಕೊಬ್ಬನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದ. ಕೂದಲ ಸುಳಿಗೆ ಬದಲು ತಕ್ಕಡಿ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹೋರಿಯ ತಳಿಮೌಲ್ಯ, ಅಂದರೆ ಅದರಿಂದ ಮಕ್ಕಳಿಗೆ ಇಳಿಯುವ ಗುಣದ ಅಂದಾಜು, ಲೆಕ್ಕ ಹಾಕಿದರೂ ಅದರ ಬೇರು ವೆಯೆನ್ನಿನ ಆ ಪುಸ್ತಕದಲ್ಲಿದೆ.

ಆದರೆ ಆ ಪುಸ್ತಕದಲ್ಲಿ ಹಾಲಿಗೆ ಅಂಕಣವಿತ್ತು, ಕೊಬ್ಬಿಗೆ ಅಂಕಣವಿತ್ತು, ಬಾವಿಗೆ ಇರಲಿಲ್ಲ. ತೂಗಿದ್ದನ್ನೇ ಜನ ಆರಿಸಿದರು. ಹೆಚ್ಚು ಹಾಲಿನ ಹಸುಗಳ ಗಂಡುಕರುಗಳೇ ಹೋರಿಗಳಾದವು. ಹಾಲು ಏರಿತು. ಜೊತೆಗೆ ಕೆಚ್ಚಲು ಬಾವಿಗೆ ಈಡಾಗುವ ಸ್ವಭಾವವೂ ಏರಿತು, ಏಕೆಂದರೆ ಹಾಲನ್ನು ಹೆಚ್ಚಿಸುವ ವಂಶವಾಹಿಗಳಲ್ಲಿ ಕೆಲವು ಬಾವನ್ನೂ ಹೆಚ್ಚಿಸುತ್ತವೆ. ಬಹುತೇಕ ಅಧ್ಯಯನಗಳಲ್ಲಿ ಇವೆರಡರ ನಡುವಿನ ಆನುವಂಶಿಕ ನಂಟು (ಪೂರ್ತಿ ನಂಟಿದ್ದರೆ 1) 0.2ರಿಂದ 0.5ರಷ್ಟು, ಅದೂ ರೈತನಿಗೆ ಪ್ರತಿಕೂಲವಾದ ದಿಕ್ಕಿನಲ್ಲಿ. ಬಾವಿಗೆ ಸುಲಭವಾಗಿ ಈಡಾಗುವ ಗುಣ ತಾಯಿಯಿಂದ ಮಗಳಿಗೆ ಇಳಿಯುತ್ತದೆಂದು ಪಶುತಳಿಶಾಸ್ತ್ರದ ಹಿರಿಯ, ಅಮೆರಿಕದ ಜೇ ಲಶ್, 1950ರಲ್ಲೇ ಪ್ರಬಂಧ ಬರೆದು ತೋರಿಸಿದ್ದರು. ಅದು ಓದಿದವರ ಅರಿವಿಗೆ ಬಂತು, ಹೋರಿಗಳ ಪಟ್ಟಿಗೆ ಬರಲಿಲ್ಲ.

ಪಟ್ಟಿಗೆ ತಂದವರು ನಾರ್ವೆಯವರು. ಅಲ್ಲಿ ಪಶುಗಳಿಗೆ ಆಂಟಿಬಯೋಟಿಕ್ ಬೇಕೆಂದರೆ ಪಶುವೈದ್ಯರನ್ನೇ ಕರೆಯಬೇಕು. ರೈತ ತಾನೇ ಅಂಗಡಿಯಿಂದ ತಂದು ಚುಚ್ಚುವಂತಿಲ್ಲ. ಹಾಗಾಗಿ ಪ್ರತಿ ಚಿಕಿತ್ಸೆಗೂ ಒಬ್ಬ ಸಾಕ್ಷಿಯಿದ್ದ. 1975ರಿಂದ ಇಡೀ ದೇಶದಲ್ಲಿ ಪ್ರತಿ ಹಸುವಿಗೂ ಒಂದು ಆರೋಗ್ಯ ಚೀಟಿ ಬಂತು. ಡಾಕ್ಟರು ಬಂದ ದಿನ, ರೋಗ, ಚಿಕಿತ್ಸೆ ಎಲ್ಲವೂ ಆ ಚೀಟಿಯಲ್ಲಿ. 1978ರಲ್ಲಿ ನಾರ್ವೇಜಿಯನ್ ರೆಡ್ ತಳಿಯ ಹೋರಿಗಳನ್ನು ಆರಿಸುವ ಒಟ್ಟು ಲೆಕ್ಕಕ್ಕೆ ಕೆಚ್ಚಲು ಬಾವನ್ನು ಸೇರಿಸಿದರು. 1980ರ ದಶಕದಲ್ಲಿ ಸ್ವೀಡನ್, ಫಿನ್‌ಲ್ಯಾಂಡ್‌ಗಳು, ಆಮೇಲೆ ಡೆನ್ಮಾರ್ಕ್ ಅದೇ ದಾರಿ ಹಿಡಿದವು. ಸ್ವೀಡನ್ನಿನ ಯೂವೆರ್‌ಹೆಲ್ಸಾ, ನಾರ್ವೆಯ ಯೂರ್‌ಹೆಲ್ಸೆ ಎಂಬ ಪದಗಳ ಅರ್ಥ ಕೆಚ್ಚಲಿನ ಆರೋಗ್ಯ. ಮೂರು ಸಾವಿರ ವರ್ಷ ಗಡಿಗೆ, ಕುಂಡ, ಸಮೃದ್ಧಿಗಳ ಜೊತೆ ಸಮಾಸವಾಗಿದ್ದ ಅಂಗ ಇಲ್ಲಿ ಆರೋಗ್ಯದ ಜೊತೆ ಸಮಾಸವಾಯಿತು, ಆ ಸಮಾಸಕ್ಕೆ ಅಂಕವೂ ಬಂತು. ಕೆಚ್ಚಲಿನ ಪದಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ತಿರುವು ಕಾಣುವುದಿಲ್ಲ.

ಅಂಕ ಹಾಕುವುದು ಹೋರಿಗೆ. ಹೋರಿಗೆ ಕೆಚ್ಚಲಿಲ್ಲ. ಆದ್ದರಿಂದ ಅದರ ಹೆಣ್ಣುಮಕ್ಕಳನ್ನು ಕೇಳಬೇಕು. ನಾರ್ವೆಯಲ್ಲಿ ಚೊಚ್ಚಲ ಹಸು ಕರು ಹಾಕುವ 15 ದಿನ ಮೊದಲಿನಿಂದ, ಕರು ಹಾಕಿದ 120 ದಿನದವರೆಗೆ ಒಮ್ಮೆಯಾದರೂ ಬಾವಿಗೆ ಚಿಕಿತ್ಸೆ ಆಗಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆದುಕೊಂಡರು. ಹೌದು ಅಥವಾ ಇಲ್ಲ, ಅಷ್ಟೇ ಮಾಹಿತಿ. ಆ ಹಸುವಿಗೆ ಬಾವು ಬಂದದ್ದು ಒದ್ದೆ ನೆಲದಿಂದಲೋ, ಹಾಲು ಕರೆಯುವ ಯಂತ್ರದಿಂದಲೋ, ಕರೆದವನ ಕೈಯಿಂದಲೋ, ಅಪ್ಪನಿಂದ ಬಂದ ಗುಣದಿಂದಲೋ ಎಂದು ಒಂದು ಹಸುವನ್ನು ನೋಡಿ ಹೇಳಲಾಗದು. ಬಾವಿನಲ್ಲಿ ಕಾಣುವ ಒಟ್ಟು ವ್ಯತ್ಯಾಸದಲ್ಲಿ ತಂದೆತಾಯಿಗಳಿಂದ ಬಂದ ಪಾಲು ನೂರಕ್ಕೆ ಮೂರರ ಆಸುಪಾಸು. ಹಾಲಿನ ಪ್ರಮಾಣದಲ್ಲಿ ಈ ಪಾಲು ನೂರಕ್ಕೆ ಮೂವತ್ತರ ಹತ್ತಿರ.

ನೂರಕ್ಕೆ ಮೂರು ಎಂದ ಕೂಡಲೇ ಇದು ಕೈಲಾಗದ ಕೆಲಸವೆಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಉತ್ತರ ಗಣಿತದಲ್ಲಿದೆ. ಒಂದು ಹೋರಿಯ ತಳಿಮೌಲ್ಯವನ್ನು ಎಷ್ಟು ನಂಬಬಹುದೆಂಬುದು ಅದರ ಹೆಣ್ಣುಮಕ್ಕಳ ಸಂಖ್ಯೆಯನ್ನೂ ಆನುವಂಶಿಕ ಪಾಲನ್ನೂ ಅವಲಂಬಿಸಿದೆ. ಬೇರೆ ಬೇರೆ ಕೊಟ್ಟಿಗೆಗಳಲ್ಲಿರುವ 100 ಹೆಣ್ಣುಮಕ್ಕಳ ದಾಖಲೆ ಸಿಕ್ಕರೆ ಹಾಲಿನ ವಿಷಯದಲ್ಲಿ ನಂಬಿಕೆಯ ಮಟ್ಟ ನೂರಕ್ಕೆ 89. ಅದೇ 100 ಹೆಣ್ಣುಮಕ್ಕಳಿಂದ ಬಾವಿನ ವಿಷಯದಲ್ಲಿ ಸಿಗುವುದು ನೂರಕ್ಕೆ 43. ಹೆಣ್ಣುಮಕ್ಕಳು 200 ಆದರೆ ಅದು 60, 300 ಆದರೆ 69. ಒದ್ದೆ ನೆಲವೂ ಒರಟು ಕೈಯೂ ಎಲ್ಲ ಹೋರಿಗಳ ಹೆಣ್ಣುಮಕ್ಕಳಿಗೂ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ; ದಾಖಲೆಗಳು ಸಾಕಷ್ಟು ಸೇರಿದಂತೆಲ್ಲ ಅವು ಒಂದನ್ನೊಂದು ಅಳಿಸಿಹಾಕಿ ಅಪ್ಪನ ಪಾಲು ಉಳಿಯುತ್ತದೆ. ರೈತರೇ ಮಾಲೀಕರಾಗಿರುವ ನಾರ್ವೆಯ ತಳಿ ಸಹಕಾರ ಸಂಘ ಒಂದೊಂದು ಹೋರಿಗೂ 250, 300 ಹೆಣ್ಣುಮಕ್ಕಳ ದಾಖಲೆ ಕೂಡುವವರೆಗೆ ಕಾಯಿತು. ಆ ದೇಶದ ಹಿಂಡು ಚಿಕ್ಕದು, ಆದರೆ ದಾಖಲೆ ಇಡುವ ಒಪ್ಪಂದ ದೇಶದಷ್ಟು ಅಗಲ. 1990ರ ನಂತರ ಹುಟ್ಟಿದ ಹಸುಗಳಲ್ಲಿ ಬಾವಿನ ಸ್ವಭಾವ ತಲೆಮಾರಿನಿಂದ ತಲೆಮಾರಿಗೆ ಇಳಿಯತೊಡಗಿತು. 1990ರ ದಶಕದ ನಡುವಿನಿಂದ ಹತ್ತು ಹದಿನೈದು ವರ್ಷಗಳಲ್ಲಿ ಬಾವಿನ ಚಿಕಿತ್ಸೆಗಳು ಅರ್ಧಕ್ಕಿಂತ ಕೆಳಗಿಳಿದವು. ಅದರ ಹಿರಿಯ ಪಾಲು ಕೊಟ್ಟಿಗೆಯ ಶುಚಿತ್ವಕ್ಕೂ ಪಶುವೈದ್ಯರ ಶಿಸ್ತಿಗೂ ಸಲ್ಲಬೇಕು. ತಳಿಯ ಪಾಲು ನಿಧಾನದ್ದು, ಆದರೆ ಹಿಂದೆ ಸರಿಯದ್ದು.

ಚಿಕಿತ್ಸೆಯ ದಾಖಲೆಯೇ ಇಲ್ಲದ ದೇಶಗಳು ಇನ್ನೊಂದು ದಾರಿ ಹುಡುಕಿದವು. ಸೋಂಕು ತಗಲಿದ ಕೆಚ್ಚಲಿಗೆ ರಕ್ತದಿಂದ ಬಿಳಿ ಕಣಗಳು ಕಾವಲಿಗೆ ಧಾವಿಸುತ್ತವೆ, ಹಾಲಿನಲ್ಲಿ ಸಿಗುತ್ತವೆ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಇಂಥ ಕೋಶಗಳು ಒಂದು ಲಕ್ಷಕ್ಕಿಂತ ಕಡಿಮೆ. ಎರಡು ಲಕ್ಷ ದಾಟಿದರೆ ಅನುಮಾನಿಸಬೇಕು. ಈ ಎಣಿಕೆಗೆ ಸೊಮ್ಯಾಟಿಕ್ ಸೆಲ್ ಕೌಂಟ್ ಎನ್ನುತ್ತಾರೆ. ಗ್ರೀಕಿನ ಸೋಮಾ ಎಂದರೆ ಮೈ. ನಮ್ಮಲ್ಲಿ ಪಶುವೈದ್ಯರು ಸೋಪಿನ ದ್ರಾವಣವನ್ನು ನಾಲ್ಕು ಗುಂಡಿಗಳ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲಿಗೆ ಬೆರೆಸಿ ತಿರುಗಿಸುವಾಗ ಅಳೆಯುವುದೂ ಇದನ್ನೇ. ಕೋಶಗಳು ಹೆಚ್ಚಿದ್ದರೆ ಅವುಗಳ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪರೀಕ್ಷೆ ಇದು.

ತಳಿ ಲೆಕ್ಕಕ್ಕೆ ಈ ಎಣಿಕೆಯನ್ನು ಹಾಗೆಯೇ ಬಳಸಲಾಗದು. ಒಂದು ಹಸುವಿನದು ಐವತ್ತು ಸಾವಿರ, ಇನ್ನೊಂದರದು ಐವತ್ತು ಲಕ್ಷ. ಅದನ್ನು ಹದಕ್ಕೆ ತರಲು ಒಂದು ಏಣಿ ಮಾಡಿಕೊಂಡರು. ಒಂದು ಲಕ್ಷಕ್ಕೆ 3 ಅಂಕ. ಎಣಿಕೆ ಇಮ್ಮಡಿಯಾದಾಗಲೆಲ್ಲ ಒಂದು ಮೆಟ್ಟಿಲು ಮೇಲೆ. ಎರಡು ಲಕ್ಷಕ್ಕೆ 4, ನಾಲ್ಕು ಲಕ್ಷಕ್ಕೆ 5, ಎಂಟು ಲಕ್ಷಕ್ಕೆ 6. ಈ ಅಂಕದಲ್ಲಿ ಆನುವಂಶಿಕ ಪಾಲು ನೂರಕ್ಕೆ 10ರಿಂದ 15, ಬಾವಿನ ನೇರ ದಾಖಲೆಗಿಂತ ಮೂರರಿಂದ ಐದು ಪಟ್ಟು. ಪ್ರತಿ ತಿಂಗಳ ಹಾಲಿನ ಮಾದರಿಯಿಂದ ಅಗ್ಗವಾಗಿ ಸಿಗುತ್ತದೆ. ಅಮೆರಿಕ 1994ರಲ್ಲಿ ಹೋರಿಗಳಿಗೆ ಈ ಅಂಕ ಕೊಡಲು ಶುರುಮಾಡಿತು. ಆದರೆ ಕಾವಲುಗಾರರ ಸಂಖ್ಯೆ ಎಣಿಸುವುದೂ ಕಳ್ಳತನಗಳನ್ನು ಎಣಿಸುವುದೂ ಒಂದೇ ಅಲ್ಲ. ಇವೆರಡರ ಆನುವಂಶಿಕ ನಂಟು 0.6, 0.7ರಷ್ಟು ಗಟ್ಟಿಯಾಗಿದ್ದರೂ ಪೂರ್ತಿಯಲ್ಲ. ಕೆಚ್ಚಲಿನ ಆರೋಗ್ಯ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳು ಕೂತವು.

ಈ ಗೊಂದಲವನ್ನು ನೇರವಾಗಿ ಎದುರಿಸಬೇಕಾದದ್ದು ಇಂಟರ್‌ಬುಲ್. ಹೆಸರೇ ಹೇಳುವಂತೆ ಇದು ದೇಶದೇಶಗಳ ನಡುವಿನ ಹೋರಿಗಳ ಸಂಸ್ಥೆ, 1983ರಲ್ಲಿ ಹುಟ್ಟಿದ್ದು. ಅದರ ಕೇಂದ್ರ ಸ್ವೀಡನ್ನಿನ ಉಪ್ಸಾಲಾದ ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿಗಳು ಸಾಗರ ದಾಟತೊಡಗಿದ ಮೇಲೆ ಕೆನಡಾದ ಹೋರಿ ಒಳ್ಳೆಯದೋ ಡೆನ್ಮಾರ್ಕಿನದೋ ಎಂಬ ಪ್ರಶ್ನೆ ಎದ್ದಿತು. ಕೆನಡಾದ ಲ್ಯಾರಿ ಶೇಫರ್ 1994ರಲ್ಲಿ ಕೊಟ್ಟ ವಿಧಾನ ಪ್ರತಿ ದೇಶದ ಅಳತೆಯನ್ನೂ ಬೇರೆಯೇ ಒಂದು ಗುಣವೆಂದು ಒಪ್ಪಿಕೊಂಡು, ಅವುಗಳ ನಡುವಿನ ನಂಟನ್ನು ಲೆಕ್ಕಹಾಕಿ, ಪ್ರತಿ ಹೋರಿಗೂ ಆಯಾ ದೇಶದ ಭಾಷೆಯಲ್ಲೇ ಅಂಕ ಹಿಂದಿರುಗಿಸುತ್ತದೆ. ಮೊದಲು ಹಾಲಿಗೆ ಬಳಸಿದ ಈ ವಿಧಾನವನ್ನು 2001ರ ಮೇ ತಿಂಗಳಿನಿಂದ ಕೆಚ್ಚಲಿನ ಆರೋಗ್ಯಕ್ಕೂ ಅನ್ವಯಿಸಿದರು. ಕೋಶದ ಎಣಿಕೆ ಒಂದು ಗುಣ, ಕಣ್ಣಿಗೆ ಕಾಣುವ ಬಾವು ಇನ್ನೊಂದು. ಬಾವಿನ ದಾಖಲೆ ಇಲ್ಲದ ದೇಶಗಳು ಅದರ ಜಾಗದಲ್ಲೂ ಕೋಶದ ಎಣಿಕೆಯನ್ನೇ ಕಳುಹಿಸಿದವು. ಒಂದೇ ಪದಕ್ಕೆ ದೇಶಕ್ಕೊಂದು ಅರ್ಥವಿದೆ ಎಂದು ಒಪ್ಪಿಕೊಂಡು, ಆ ಅರ್ಥಗಳ ನಡುವಿನ ದೂರವನ್ನು ಅಳೆದು ಮುಂದುವರಿದ ಈ ವಿವೇಕ ನಿಘಂಟುಕಾರನಿಗೂ ಬೇಕಾದದ್ದು. ನಂತರ ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್ ಮೂರೂ ಸೇರಿ ಒಂದೇ ಲೆಕ್ಕ ಮಾಡಿಕೊಂಡವು. ಕೆನಡಾ 2014ರಲ್ಲಿ, ಅಮೆರಿಕ 2018ರಲ್ಲಿ ಬಾವಿನ ನೇರ ದಾಖಲೆಗಳಿಂದ ಹೋರಿಗಳನ್ನು ಅಳೆಯತೊಡಗಿದವು. ನಾರ್ವೆಗಿಂತ ಮೂವತ್ತಾರು, ನಲವತ್ತು ವರ್ಷ ತಡವಾಗಿ.

ಇನ್ನು ಕೊಡಗೆಚ್ಚಲಿನ ಮಾತು. ಕೆಚ್ಚಲಿನ ಆಕಾರವನ್ನು ನೋಡುವ ಪರೀಕ್ಷಕರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ: ಮುಂದಿನ ಭಾಗ ಹೊಟ್ಟೆಗೆ ಎಷ್ಟು ಬಿಗಿಯಾಗಿ ಅಂಟಿದೆ, ಹಿಂದಿನ ಭಾಗ ಎಷ್ಟು ಎತ್ತರದಿಂದ ಶುರುವಾಗಿದೆ, ಎರಡು ಪಕ್ಕಗಳನ್ನು ಎತ್ತಿಹಿಡಿಯುವ ನಡುಪಟ್ಟಿ ಎಷ್ಟು ಗಟ್ಟಿ, ಮೊಲೆಗಳು ಎಷ್ಟು ಉದ್ದ, ಕೆಚ್ಚಲಿನ ತಳ ಹಿಂಗಾಲಿನ ಮಂಡಿಗಿಂತ ಎಷ್ಟು ಮೇಲಿದೆ. ಈ ಕೊನೆಯದರಲ್ಲಿ ಆನುವಂಶಿಕ ಪಾಲು ನೂರಕ್ಕೆ ಮೂವತ್ತರ ಹತ್ತಿರ, ಬಾವಿನ ನೇರ ದಾಖಲೆಗಿಂತ ಹತ್ತು ಪಟ್ಟು. ಮಂಡಿಗಿಂತ ಕೆಳಗೆ ಜೋತುಬಿದ್ದ ಕೆಚ್ಚಲು ಕೆಸರಿಗೆ ತಾಗುತ್ತದೆ, ನಡೆಯುವಾಗ ಕಾಲಿಗೆ ಬಡಿಯುತ್ತದೆ, ಬಾವಿಗೆ ಬೇಗ ಈಡಾಗುತ್ತದೆ. ಆದ್ದರಿಂದ ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಆ ಜಂಟಿ ಕೆಚ್ಚಲಿನ ಆರೋಗ್ಯದ ಲೆಕ್ಕದಲ್ಲಿ ಚಿಕಿತ್ಸೆ, ಕೋಶದ ಎಣಿಕೆಗಳ ಜೊತೆ ಕೆಚ್ಚಲಿನ ಆಳವನ್ನೂ ಮುಂಭಾಗದ ಬಿಗಿಯನ್ನೂ ಸೇರಿಸುತ್ತಾರೆ. ಗಡಿಗೆಯಂತೆ ಕೆಳಕ್ಕೆ ತೂಗುವ ಕೆಚ್ಚಲು ಅಮರಸಿಂಹನ ಕಾಲದಲ್ಲಿ ಹೊಗಳಿಕೆ, ಈ ಏಣಿಯಲ್ಲಿ ಕೆಳಗಿನ ಮೆಟ್ಟಿಲು. ಅಗಲವಾಗಿ, ಎತ್ತರಕ್ಕೆ, ಮೈಗೆ ಅಂಟಿದಂತೆ ಇದ್ದು ಹೆಚ್ಚು ಹಾಲು ಹಿಡಿಯುವ ಕೆಚ್ಚಲಿಗೆ ಕನ್ನಡದಲ್ಲಿ ಒಂದು ಹೊಸ ಸಮಾಸ ಬೇಕಾಗಿದೆ.

ಕರ್ನಾಟಕಕ್ಕೆ ಈ ಕಥೆಯ ಜೊತೆ ದೂರದ ನೆಂಟಸ್ತನವಲ್ಲ ಇರುವುದು. ಬೆಂಗಳೂರಿನ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯ ತಯಾರಿಸುವ ಕೇಂದ್ರ 1960ರ ದಶಕದ ಕೊನೆಯಲ್ಲಿ ತಲೆಯೆತ್ತಿದ್ದು ಡೆನ್ಮಾರ್ಕಿನ ನೆರವಿನಿಂದ. ಅಂಥ ಕೇಂದ್ರಗಳಿಂದ ಹೊರಟ ಕಡ್ಡಿಗಳಿಂದ ಕೋಲಾರ, ಮಂಡ್ಯ, ಹಾಸನಗಳ ಕೊಟ್ಟಿಗೆಗಳಲ್ಲಿ ಎಚ್‌ಎಫ್, ಜರ್ಸಿ ಮಿಶ್ರತಳಿಗಳು ತುಂಬಿದವು. ಹಾಲು ಸಂಘದ ಮುಂದೆ ಕ್ಯಾನುಗಳ ಸಾಲು ಬೆಳೆಯಿತು. ಹಳ್ಳಿಕಾರ್, ಅಮೃತಮಹಲ್ ಹಸುಗಳ ಚಿಕ್ಕ ಕೆಚ್ಚಲು ಕಂಡು ಅಭ್ಯಾಸವಾಗಿದ್ದ ಕಣ್ಣಿಗೆ ಇಷ್ಟು ದೊಡ್ಡ ಕೆಚ್ಚಲು ಹೊಸದು, ಅದರ ಜೊತೆ ಬಂದ ಬಾವಿನ ಕಾಟವೂ ಹೊಸದು. ರೈತ ಇಂದು ಅದಕ್ಕೆ ಕೊಡುವ ಮದ್ದಿನಲ್ಲಿ ಆಂಟಿಬಯೋಟಿಕ್ ಇದೆ, ಲೋಳೆಸರ-ಅರಿಸಿನ-ಸುಣ್ಣದ ಲೇಪವೂ ಇದೆ. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನು ಮಂಡಳಿ ಜೊತೆಗೂಡಿ ಈ ಲೇಪದ ಅಳತೆಯನ್ನು ನಿಗದಿ ಮಾಡಿ ಹಳ್ಳಿಗಳಲ್ಲಿ ಹರಡಿವೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಸಿನ, 15 ಗ್ರಾಂ ಸುಣ್ಣ. ಇದೆಲ್ಲ ಬಾವು ಬಂದ ಮೇಲಿನ ಮಾತು. ಹಸು ಬೆದೆಗೆ ಬಂದಾಗ ಯಾವ ಹೋರಿಯ ಕಡ್ಡಿ ಹಾಕಿಸಬೇಕೆಂದು ಕೇಳಿದರೆ ರೈತನಿಗೆ ಸಿಗುವ ಉತ್ತರದಲ್ಲಿ ಮೊದಲು ಬರುವುದು ಹೋರಿಯ ತಾಯಿ ಎಷ್ಟು ಲೀಟರ್ ಕೊಟ್ಟಿತ್ತೆಂಬುದು. ಆ ಹೋರಿಯ ಅಕ್ಕತಂಗಿಯರಲ್ಲಿ, ಹೆಣ್ಣುಮಕ್ಕಳಲ್ಲಿ ಎಷ್ಟಕ್ಕೆ ಬಾವು ಬಂತು, ಎಷ್ಟು ಮೂರು ಮೊಲೆಯಾದವು ಎಂಬುದಕ್ಕೆ ಆ ಉತ್ತರದಲ್ಲಿ ಜಾಗ ಸಿಗಬೇಕು.

2024ರ ಅಕ್ಟೋಬರಿನಲ್ಲಿ ಭಾರತದ ತಳಿಗಳಿಗೆಂದೇ ಗೌ ಚಿಪ್ ಎಂಬ ಡಿಎನ್‌ಎ ಚಿಪ್ ಬಿಡುಗಡೆಯಾಯಿತು. ಒಂದು ಕರುವಿನ ರಕ್ತದಿಂದಲೇ ಅದರ ತಳಿಮೌಲ್ಯವನ್ನು ಅಂದಾಜು ಮಾಡುವ ದಾರಿ ಇದರಿಂದ ತೆರೆಯುತ್ತದೆ. ಆದರೆ ಯಾವ ಚಿಪ್ಪೂ ದಾಖಲೆಯಿಲ್ಲದ ಗುಣವನ್ನು ಹೇಳಲಾರದು. ಬಾವಿನ ಬಗ್ಗೆ ಅದು ಮಾತಾಡಬೇಕಾದರೆ ಸಾವಿರಾರು ಹಸುಗಳ ಬಾವಿನ ವಿವರ ಮೊದಲು ಎಲ್ಲಾದರೂ ಬರೆದಿರಬೇಕು. ಬರೆಯುವ ಜಾಗ ಈಗಾಗಲೇ ಇದೆ. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆಯಿದೆ, ಆ ಸಂಖ್ಯೆಗೆ ಗರ್ಭಧಾರಣೆಯನ್ನೂ ಲಸಿಕೆಯನ್ನೂ ಚಿಕಿತ್ಸೆಯನ್ನೂ ಜೋಡಿಸುವ ಭಾರತ್ ಪಶುಧನ್ ದತ್ತಾಂಶವಿದೆ. ಅಲ್ಲಿ ಬಾವಿನ ಚಿಕಿತ್ಸೆ ಬರೆಯುವಾಗ ಯಾವ ಮೊಲೆ, ಕರು ಹಾಕಿ ಎಷ್ಟು ದಿನ, ಯಾವ ಹೋರಿಯ ಮಗಳು ಎಂಬ ಮೂರನ್ನು ತಪ್ಪದೆ ಸೇರಿಸಿದರೆ ನಾರ್ವೆಯ ಆರೋಗ್ಯ ಚೀಟಿಯ ಕೆಲಸ ಇಲ್ಲೂ ಶುರುವಾಗುತ್ತದೆ. ನಮ್ಮ ರೈತರ ಮನೆಯಲ್ಲಿ ಹಸು ಎರಡೋ ಮೂರೋ. ಒಂದು ಹೋರಿಗೆ 200 ಹೆಣ್ಣುಮಕ್ಕಳ ದಾಖಲೆ ಬೇಕೆಂದರೆ ಮನೆಗೊಂದರಂತೆ 200 ಕೊಟ್ಟಿಗೆ ಬೇಕು. ಹಾಲು ಉತ್ಪಾದಕರ ಸಂಘಗಳು ಊರೂರಿಗೂ ಇರುವ ಒಂದು ತಾಲ್ಲೂಕಿನೊಳಗೇ ಅಷ್ಟು ಕೊಟ್ಟಿಗೆಗಳು ಸಿಗುತ್ತವೆ.